ಎರಡು ಗುಡ್ಡ, ನಡುವೆ ಸೂರ್ಯ

ಗ್ರಾಮಫೋನಿನ ಮುಳ್ಳನ್ನು ಪ್ಲೇಟಿನಿಂದ ಎತ್ತುವಾಗ ಮಾಸ್ತರರ ಕಿರುಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ ಮೇಲಕ್ಕೆ ನಿಲ್ಲುತ್ತಿತ್ತು. ಹಾಡು ಮುಗಿಯುವುದಕ್ಕೆ ಅವರು ಕಾಯುತ್ತಿರಲಿಲ್ಲ. ಕೊಳಲು ಇನ್ನೇನು ಕೆಳಗಿನ ಸ್ವರಕ್ಕೆ ಬಂದು ನಿಲ್ಲಬೇಕು ಎನ್ನುವಾಗ ಎತ್ತಿಬಿಡುತ್ತಿದ್ದರು. "ಉಳಿದದ್ದು ಮಲಗಿದವರ ಒಳಗೆ ನಡೀಬೇಕು" ಎಂದು ಬೆಂಚಿನ ಮೇಲೆ ಕೂತವರಿಗೆ ಪಿಸುಮಾತಿನಲ್ಲಿ ವಿವರಿಸುತ್ತಿದ್ದರು. ಆ ಪಿಸುಮಾತು ಚಾವಡಿಯ ಕೊನೆಯವರೆಗೂ ಕೇಳುತ್ತಿತ್ತು. ಕೇಳಲಿ ಎಂದೇ ಅವರು ಪಿಸುಗುಟ್ಟುತ್ತಿದ್ದದ್ದು.

ಅವರು ಹೋದ ತಿಂಗಳು ತೀರಿಕೊಂಡರು. ಪುತ್ತೂರಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ಸಂಗೀತ ಕೇಳಿಸಿ, ಮನಸ್ಸಿನೊಳಗೆ ಚಿತ್ರ ಮೂಡಿಸಿ, ಔಷಧಿಯಿಲ್ಲದೆ ಜನರನ್ನು ಗುಣಪಡಿಸಿದವರು ಎಂದು ವಕೀಲರೊಬ್ಬರು ಹೇಳಿದರು. ನಿದ್ರೆ ಬಾರದವರಿಗೆ ನಿದ್ರೆ ಕೊಟ್ಟವರು ಎಂದು ಇನ್ನೊಬ್ಬರು. ನನ್ನನ್ನೂ ಎರಡು ಮಾತು ಹೇಳಲು ಕರೆದರು. ಆಗುವುದಿಲ್ಲ ಎಂದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಅದನ್ನು ಉಳಿದವರೆಲ್ಲ ಹೇಳಿಯಾಗಿದೆ. ನನ್ನ ಪಾಲಿಗೆ ಉಳಿದದ್ದನ್ನು ನಾನು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ನಮ್ಮೂರಿನವರಿಗೆ ಅದರ ಅಗತ್ಯವಿಲ್ಲ, ಬೇರೆಯವರಿಗೆ ಅದರಿಂದ ಪ್ರಯೋಜನವಿಲ್ಲ.

ಅವರು ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ನಮ್ಮ ಕಡೆಯಲ್ಲಿ ಶಾಲೆಗೆ ಹೋದ ಯಾರನ್ನೇ ಆಗಲಿ ಒಂದು ಚಿತ್ರ ಬಿಡಿಸಿ ಎಂದರೆ ಎರಡು ಗುಡ್ಡ ಬಿಡಿಸುತ್ತಾರೆ. ನಡುವೆ ಸೂರ್ಯ, ಕೆಳಗೆ ಹೊಳೆ, ಹೊಳೆಯಲ್ಲಿ ಒಂದು ಹಂಸ. ಇದು ಮಾಸ್ತರರು ಬೆತ್ತ ಹಿಡಿದು ಕಲಿಸಿದ ಚಿತ್ರ. ಹಂಸದ ಕೊರಳು ಎಡಕ್ಕೆ ಬಾಗಬೇಕು. ಬಲಕ್ಕೆ ಬಾಗಿದರೆ ಗೆಣ್ಣಿನ ಮೇಲೆ ಪೆಟ್ಟು. ನಿವೃತ್ತರಾದ ಮೇಲೆ ಅವರು ಪಟ್ಟಣದಿಂದ ಒಂದು ಗ್ರಾಮಫೋನು, ಕೊಳಲು ಮತ್ತು ವೀಣೆಯ ಕೆಲವು ಪ್ಲೇಟು, ಕಂದು ಕಾಗದ ಹೊದೆಸಿದ ಒಂದು ಇಂಗ್ಲಿಷ್ ಪುಸ್ತಕ ತಂದರು. ಆ ಪುಸ್ತಕವನ್ನು ಯಾರಿಗೂ ಬಿಡಿಸಿ ತೋರಿಸಿದ್ದಿಲ್ಲ. ನಾನು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಜೊತೆ ಮನಃಶಾಸ್ತ್ರವನ್ನೂ ಸ್ವಲ್ಪ ಓದಿದ್ದೆ. ಹೀಗಾಗಿ ಒಮ್ಮೆ ನೋಡಬಹುದೇ ಎಂದು ಕೇಳಿದೆ. "ಅದು ನಿಮಗೆ ಬೇಗ ಅರ್ಥ ಆಗುದಿಲ್ಲ ಟೀಚರೆ. ಅನುಭವ ಬೇಕು" ಎಂದರು. ಆ ಅನುಭವ ಅವರಿಗೆ ಆಗ ಮೂರನೆಯ ತಿಂಗಳಿನದು.

ವಿಧಾನ ಸರಳವಾಗಿತ್ತು. ಬಂದವರನ್ನು ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿಸುತ್ತಿದ್ದರು. ಕಣ್ಣು ಮುಚ್ಚಿ ಉಸಿರನ್ನು ನಿಧಾನ ಮಾಡಲು ಹೇಳುತ್ತಿದ್ದರು. ಕೀಲಿ ಕೊಟ್ಟು ಪ್ಲೇಟು ಹಾಕಿ, ತಲೆಯ ಹತ್ತಿರ ಸ್ಟೂಲಿನಲ್ಲಿ ಕೂತು ಮಾತಾಡುತ್ತಿದ್ದರು. ಅವರ ಧ್ವನಿ ಒಳ್ಳೆಯದಿತ್ತು. ಅದನ್ನು ಒಪ್ಪದೆ ಮುಂದೆ ಬರೆದರೆ ಸುಳ್ಳಾಗುತ್ತದೆ. ತಗ್ಗಿನ, ಅವಸರವಿಲ್ಲದ, ಹಣೆಗೆ ತಂಪು ಬಟ್ಟೆ ಇಟ್ಟಂಥ ಧ್ವನಿ. ಆ ಧ್ವನಿಯಲ್ಲಿ ಅವರು ಹೇಳುತ್ತಿದ್ದದ್ದು ಅದೇ ಎರಡು ಗುಡ್ಡ, ಸೂರ್ಯ, ಹೊಳೆ, ಹಂಸ. ಸ್ವಲ್ಪ ಹೊತ್ತಿನ ಮೇಲೆ "ಎಂತ ಕಾಣ್ತದೆ?" ಎಂದು ಕೇಳುತ್ತಿದ್ದರು. ಹೇಳಿದ ಚಿತ್ರ ಕಂಡರೆ ಮನಸ್ಸು ಹದಕ್ಕೆ ಬಂತು ಎಂದು ಅವರ ಲೆಕ್ಕ.

ಅವರ ಹಳೆಯ ವಿದ್ಯಾರ್ಥಿಗಳಿಗೆಲ್ಲ ಅದು ತಪ್ಪದೆ ಕಾಣುತ್ತಿತ್ತು. ಬೆತ್ತದ ಪೆಟ್ಟು ತಿಂದು ಬಿಡಿಸಿದ ಚಿತ್ರ ಕಾಣದೆ ಎಲ್ಲಿಗೆ ಹೋಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ ಎಂದು ಬರುತ್ತಿದ್ದ ಕಚೇರಿಯ ಗುಮಾಸ್ತರು ಅಲ್ಲಿ ಅರ್ಧ ಗಂಟೆ ಗೊರಕೆ ಹೊಡೆದು, ಹಗುರಾಗಿ ಎದ್ದು ಹೋಗುತ್ತಿದ್ದರು. ಅವರಿಗೆ ಒಳ್ಳೆಯದಾಯಿತು. ಅದು ನಿಜ. ಒಂದು ಕೊಳಲು, ಒಂದು ಒಳ್ಳೆಯ ಧ್ವನಿ, ಯಾರೂ ಕರೆಯದ ಅರ್ಧ ಗಂಟೆ, ಇಷ್ಟರಿಂದ ಮನುಷ್ಯನಿಗೆ ಸಮಾಧಾನ ಆಗುತ್ತದೆ ಎಂಬುದನ್ನು ನಾನು ಈಗಲೂ ನಂಬುತ್ತೇನೆ. ನನ್ನ ಜಗಳ ಕೊಳಲಿನೊಂದಿಗೆ ಅಲ್ಲ.

ತೊಂದರೆ ಇದ್ದದ್ದು ಶಾಲೆಗೆ ಹೋಗದವರದು. ಎಂದರೆ ಹೆಚ್ಚಾಗಿ ಹೆಂಗಸರದು. ಅವರಿಗೆ ತಮ್ಮ ತಮ್ಮದೇ ಏನಾದರೂ ಕಾಣುತ್ತಿತ್ತು. ಕಡಬದ ಕಡೆಯ ಒಬ್ಬ ಅಜ್ಜಿಯನ್ನು ಮೊಮ್ಮಗ ಕರೆದುಕೊಂಡು ಬಂದಿದ್ದ. ಆ ದಿನ ನಾನೂ ಅಲ್ಲಿದ್ದೆ.

"ಹಂಸ ಕಾಣ್ತದಾ ಅಮ್ಮ?"

"ಹಂಸ ಇಲ್ಲ ಮಾಸ್ಟ್ರೆ. ಕೊಕ್ಕರೆ ಉಂಟು. ಸಾಕಾ?"

"ಕೊಕ್ಕರೆ ಬೇಡ. ಹಂಸ ನೋಡಿ. ಬಿಳಿ, ಉದ್ದ ಕೊರಳು."

"ಇದೂ ಬಿಳಿಯೇ. ಕೊರಳೂ ಉದ್ದವೇ. ಮೀನು ಹಿಡೀತಾ ಉಂಟು."

"ಅದನ್ನು ಓಡಿಸಿ."

ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ "ಹೋಗು, ಹೋಗು" ಎಂದರು. ಆಮೇಲೆ, "ಹೋಗುದಿಲ್ಲ ಮಾರಾಯ್ರೆ. ಎಂತ ಮಾಡುದು? ಅದರ ಹೊಟ್ಟೆಪಾಡು ಅದಕ್ಕೆ" ಎಂದರು.

ಬೆಂಚಿನವರು ನಕ್ಕರು. ಮಾಸ್ತರರು ನಗಲಿಲ್ಲ. ಸಂಜೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅದನ್ನೇ ಎಲ್ಲರಿಗೂ ನಟಿಸಿ ತೋರಿಸಿದರಂತೆ. ಅಜ್ಜಿಯ ಕೈ, ಅಜ್ಜಿಯ ಸ್ವರ, ಎಲ್ಲ ಸಮೇತ. ಚಾಪೆಯ ಮೇಲೆ ಯಾರು ಏನು ಕಂಡರು ಎಂಬುದು ಆ ಹೋಟೆಲಿಗೆ ಎಂದೂ ಗುಟ್ಟಾಗಿರಲಿಲ್ಲ. ಹೆಸರು ಹೇಳದೆ, "ನಮ್ಮ ಪೇಟೆಯ ಒಬ್ಬ ಜವಳಿಯವರ ಸೊಸೆ" ಎನ್ನುತ್ತಿದ್ದರು. ಪೇಟೆಯಲ್ಲಿ ಜವಳಿಯವರ ಸೊಸೆಯಂದಿರು ಎಷ್ಟು ಮಂದಿ ಇರುತ್ತಾರೆ?

ಬೆಂಚಿನ ವಿಷಯ ಹೇಳಬೇಕು. ಹೆಂಗಸೊಬ್ಬಳು ಪರಪುರುಷನ ಎದುರು ಕಣ್ಣು ಮುಚ್ಚಿ ಮಲಗುವಾಗ ಮನೆಯವರು ಹತ್ತಿರ ಇರಲೇಬೇಕು; ಅದಕ್ಕಾಗಿ ಗೋಡೆಗೆ ತಾಗಿಸಿ ಒಂದು ಉದ್ದದ ಬೆಂಚು ಹಾಕಿದ್ದರು. ಅಲ್ಲಿ ಕೂತವರು ಚಾಪೆಯ ಮೇಲಿನ ಪ್ರತಿ ಮಾತನ್ನೂ ಕೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ವಾದ್ಯ ನುಡಿಯುತ್ತಿರುವಾಗ ಕಣ್ಣು ಮುಚ್ಚಿ ಮಾತಾಡುವ ಮನುಷ್ಯ ತನ್ನ ಮಾತನ್ನು ಆಡುತ್ತಿದ್ದಾನೆ ಎಂದು ಯಾರೂ ತಿಳಿಯುವುದಿಲ್ಲ. ಭೂತ ಕಟ್ಟಿದವನ ಮೈಮೇಲೆ ದರ್ಶನ ಬಂದಾಗ ಹಾಗೆಯೇ ಅಲ್ಲವೇ? ಅವನ ಬಾಯಿಂದ ಬರುವುದು ಭೂತದ ನುಡಿ. ಮನೆಯ ಯಜಮಾನ ಎದ್ದು ಕೈಮುಗಿದು ಅದನ್ನು ಅಪ್ಪಣೆ ಎಂದು ತಲೆಯ ಮೇಲೆ ಹೊರುತ್ತಾನೆ. ಮಾಸ್ತರರು ಇದೇ ಮಣ್ಣಿನವರು. ಹೋಟೆಲಿನಲ್ಲಿ ಭೂತವನ್ನು ಗೇಲಿ ಮಾಡುತ್ತಿದ್ದರು: "ಅಲ್ಲಿ ಡೋಲು, ಇಲ್ಲಿ ಕೊಳಲು. ಅಲ್ಲಿ ಹೆದರಿಕೆ, ಇಲ್ಲಿ ವಿಜ್ಞಾನ." ಬೆಂಚಿನ ಮೇಲೆ ಕೂತ ಮುದುಕರು ಮಾತ್ರ ಕೆಲವೊಮ್ಮೆ ಕೊಳಲು ಶುರುವಾದೊಡನೆ ಕೈ ಮುಗಿಯುತ್ತಿದ್ದರು. ಮಾಸ್ತರರು ಅದನ್ನು ನೋಡುತ್ತಿದ್ದರು. ಬೇಡ ಎಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ನಾನು ಆಗ ಪುತ್ತೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ನಮ್ಮ ತವರು ಸುಳ್ಯದ ಕಡೆ. ಅಪ್ಪ ಇರಲಿಲ್ಲ, ಅಮ್ಮ ಹಾಸಿಗೆ ಹಿಡಿದಿದ್ದರು. ಅಕ್ಕನನ್ನು ಕಾಣಿಯೂರಿನ ಹತ್ತಿರ ಹೊಳೆಯಾಚೆಯ ಮನೆಗೆ ಕೊಟ್ಟಿತ್ತು. ಅವಳಿಗೆ ನಾಲ್ಕು ವರ್ಷದ ಮಗಳಿದ್ದಳು. ಎರಡನೆಯದು ಗಂಡು, ಹುಟ್ಟುವಾಗಲೇ ಉಸಿರಿರಲಿಲ್ಲ. ಅಂದಿನಿಂದ ಅಕ್ಕ ಮಾತು ಬಿಟ್ಟಳು. ಕರೆದರೆ ತಿರುಗುತ್ತಿದ್ದಳು, ಕೊಟ್ಟರೆ ಉಣ್ಣುತ್ತಿದ್ದಳು, ಬಾಯಿಯಿಂದ ಒಂದಕ್ಷರ ಇಲ್ಲ. ಮಗಳು ಪಕ್ಕದಲ್ಲಿ ಮಲಗಿದರೆ ಮಾತ್ರ ಅವಳ ಕೈ ತಾನಾಗಿ ಆ ಮಗುವಿನ ಬೆನ್ನ ಮೇಲೆ ಹೋಗುತ್ತಿತ್ತು. ಅವಳಲ್ಲಿ ಉಳಿದಿದ್ದ ಜೀವ ಅಷ್ಟೇ ಎಂದು ನನಗೆ ಅನಿಸುತ್ತಿತ್ತು.

ಭಾವ ಯಾರಿಂದಲೋ ಮಾಸ್ತರರ ಹೆಸರು ಕೇಳಿ, ತನ್ನ ತಾಯಿಯ ಜೊತೆ ಅಕ್ಕನನ್ನೂ ಮಗುವನ್ನೂ ನನ್ನ ಮನೆಗೆ ಕಳಿಸಿದರು. ಅಕ್ಕನ ಅತ್ತೆ ಒಳ್ಳೆಯವರು. ಅಕ್ಕನ ತಲೆ ಬಾಚಿ, ಅವಳ ಬಾಯಿಗೆ ಗಂಜಿ ತುತ್ತು ಕೊಡುತ್ತಿದ್ದದ್ದು ಅವರೇ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ತಪ್ಪು ಅವರದೆಂದು ಕಾಣಬಾರದು.

ಮೊದಲ ಎರಡು ಸಲ ಅಕ್ಕ ಸುಮ್ಮನೆ ಮಲಗಿ ಎದ್ದಳು. ಮೂರನೆಯ ಸಲ ನಾವು ಬೆಂಚಿನಲ್ಲಿದ್ದೆವು. ಮಗು ಹೊರಗೆ ಮೆಟ್ಟಿಲಿನಲ್ಲಿ ಕಲ್ಲಾಟ ಆಡುತ್ತಿತ್ತು. ಕೊಳಲಿನ ಪ್ಲೇಟು. ಗುಡ್ಡ, ಸೂರ್ಯ, ಹೊಳೆ ಎಲ್ಲ ಹೇಳಿ ಮುಗಿಸಿ ಮಾಸ್ತರರು ಬಾಗಿದರು.

"ಎಂತ ಕಾಣ್ತದೆ ಮಗಾ?"

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅಕ್ಕ, "ಹೊಳೆ" ಎಂದಳು.

ಆ ಸ್ವರವನ್ನು ನಾನು ಮರೆತೇಬಿಟ್ಟಿದ್ದೆ.

"ಒಳ್ಳೇದು. ಗುಡ್ಡ ಉಂಟಾ?"

"ಇಲ್ಲ."

"ಸೂರ್ಯ?"

"ಇಲ್ಲ. ಕೆಂಪು ನೀರು. ತುಂಬಿದೆ."

"ಯಾರಿದ್ದಾರೆ ಅಲ್ಲಿ?"

"ಮಗಳು. ಆಚೆ ದಡದಲ್ಲಿ."

"ಕರಿ ಅವಳನ್ನು."

"ಕರೆದೆ. ತಿರುಗಿ ನೋಡುದಿಲ್ಲ. ಸಣ್ಣವನನ್ನು ಎತ್ತಿಕೊಂಡು ಹೋಗ್ತಾ ಇದ್ದಾಳೆ."

ಒಂದು ಮಗುವನ್ನು ಕಳೆದುಕೊಂಡ ತಾಯಿಗೆ ಇನ್ನೊಂದರ ಬಗ್ಗೆ ಇರುವ ಭಯ ಇದು. ಇದನ್ನು ತಿಳಿಯಲು ಮೈಸೂರಿಗೆ ಹೋಗಿ ಓದಬೇಕಾಗಿಲ್ಲ. ಆ ಗಳಿಗೆಯಲ್ಲಿ ಅವಳ ಕೈ ಹಿಡಿದು, ಹೊರಗಿನಿಂದ ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿದ್ದರೆ ಸಾಕಿತ್ತು. ಮಾಸ್ತರರು ಮುಳ್ಳು ಎತ್ತಿದರು. ಅಕ್ಕನ ಕಡೆಗೆ ನೋಡಲಿಲ್ಲ, ನಮ್ಮ ಕಡೆ ತಿರುಗಿ, "ಕೇಳಿದಿರಾ? ಮಾತು ಬಂತು!" ಎಂದರು. ಅವರ ಮುಖ ಬಹುಮಾನ ಬಂದ ಹುಡುಗನ ಹಾಗಿತ್ತು.

ಅತ್ತೆ ಆಗಲೇ ಎದ್ದು ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ತಗ್ಗಿಸಿ ಕೈ ಮುಗಿದಿದ್ದರು. "ಅಪ್ಪಣೆ ಆಯ್ತು" ಎಂದರು.

ಮಾಸ್ತರರು ಅವರನ್ನು ನೋಡಿದರು. ಅವರಿಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಹಾಗೆ ಕೈ ಮುಗಿದದ್ದು ಏಕೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅವರು ಸ್ವಲ್ಪ ನೆಟ್ಟಗಾದರು. ಆಮೇಲೆ ಆ ಒಳ್ಳೆಯ ಧ್ವನಿಯಲ್ಲಿ, "ಹೌದಮ್ಮ. ಒಳಗಿಂದ ಬಂದದ್ದು ಸುಳ್ಳು ಹೇಳುದಿಲ್ಲ" ಎಂದರು.

ಮನೆಗೆ ಬಂದ ಅತ್ತೆ ಮಗುವಿನ ಬಟ್ಟೆ ಮಡಚತೊಡಗಿದರು. ಮಗುವನ್ನು ಸುಬ್ರಹ್ಮಣ್ಯದಲ್ಲಿರುವ ತನ್ನ ಮಗಳ ಮನೆಯಲ್ಲಿ ಬಿಡುವುದು. ಅದು ದೊಡ್ಡದಾಗುವವರೆಗೆ ತಾಯಿಯ ಕಣ್ಣಿಗೆ ಬೀಳಿಸುವುದು ಬೇಡ. ತಾಯಿಯ ಹತ್ತಿರ ಇದ್ದರೆ ಇದೂ ಸಣ್ಣವನ ಹಿಂದೆ ಹೋಗುತ್ತದೆ. ಹೊರಡುವುದು ಮರುದಿನ ಮಧ್ಯಾಹ್ನದ ಬಸ್ಸಿಗೆ. ಭಾವ ತಾಯಿಯ ಮಾತಿಗೆ ಎದುರಾಡುವವರಲ್ಲ.

"ಅತ್ತೆ, ಮಗು ಹೋದರೆ ಅಕ್ಕ ಉಳಿಯುದಿಲ್ಲ" ಎಂದೆ.

"ನನಗೂ ಹೊಟ್ಟೆ ಉರೀತದೆ ಮಾರಾಯ್ತಿ. ಆದರೆ ಅವಳೇ ಹೇಳಿದ್ದಲ್ಲವಾ? ನೀನೂ ಕೇಳಿದ್ದಿ. ಇಷ್ಟು ದಿನ ಬಾಯಿ ಬಿಡದವಳು ಇದನ್ನು ಹೇಳ್ಲಿಕ್ಕೇ ಬಾಯಿ ಬಿಟ್ಟದ್ದು. ಇನ್ನೊಂದನ್ನೂ ಹೊಳೆಗೆ ಕೊಡ್ಲಾ ನಾನು?"

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮತ್ತೆ ಬಾಯಿ ಕಟ್ಟಿತ್ತು. ಅವಳ ಕಣ್ಣು ಅತ್ತೆ ಮಡಚುತ್ತಿದ್ದ ಪುಟ್ಟ ಲಂಗದ ಮೇಲಿತ್ತು.

ನಾನು ಕೊಡೆ ತೆಗೆದುಕೊಂಡು ಮಾಸ್ತರರ ಮನೆಗೆ ಹಿಂತಿರುಗಿದೆ. ಅವರು ವೆಲ್ವೆಟ್ ಚೂರಿನಿಂದ ಪ್ಲೇಟು ಒರಸುತ್ತಿದ್ದರು.

"ಮಾಸ್ಟ್ರೆ, ಅತ್ತೆಗೆ ಒಂದು ಮಾತು ಹೇಳಿ. ಅದು ಅಕ್ಕನ ಹೆದರಿಕೆ, ಮುಂದೆ ಆಗುವ ಸಂಗತಿ ಅಲ್ಲ ಅಂತ. ನೀವು ಹೇಳಿದರೆ ನಂಬ್ತಾರೆ."

"ಅದೇ ಕಷ್ಟ ಅಲ್ಲವಾ ಟೀಚರೆ?" ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. "ಇವತ್ತು ನಾನು ಅದು ಬರೀ ಹೆದರಿಕೆ ಅಂತ ಹೇಳಿದರೆ, ನಾಳೆ ಇನ್ನೊಬ್ಬರಿಗೆ ಸೂರ್ಯ ಕಂಡರೆ ಅದೂ ಬರೀ ಭ್ರಮೆ ಆಗ್ತದೆ. ಮತ್ತೆ ಇಲ್ಲಿಗೆ ಯಾರು ಬರ್ತಾರೆ?"

"ಮಗುವನ್ನು ತಾಯಿಯಿಂದ ಬಿಡಿಸ್ತಾರೆ. ನಾಳೆಯೇ."

"ಅದು ಮನೆಯ ವಿಷಯ. ನಾನು ಮನೆಯ ವಿಷಯಕ್ಕೆ ಕೈ ಹಾಕುದಿಲ್ಲ. ನಿಮ್ಮ ಅಕ್ಕನ ಬಾಯಿ ಬಿಡಿಸುದು ನನ್ನ ಕೆಲಸ, ಬಿಡಿಸಿದೆ." ಆಮೇಲೆ ನಕ್ಕರು. "ನಿಮಗೆ ಕೋಪ. ನೀವೂ ಒಮ್ಮೆ ಮಲಗಿ ನೋಡಿ. ಎಷ್ಟು ಸಲ ಕರೆದಿದ್ದೇನೆ! ಓದಿದವರು ಒಬ್ಬರು ಮಲಗಿದರೆ ಉಳಿದವರಿಗೂ ಧೈರ್ಯ."

ಅವರು ಕ್ರೂರಿಯಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರಿಗೆ ಅಕ್ಕನ ಮೇಲೆ ದ್ವೇಷ ಇರಲಿಲ್ಲ, ಮಗುವಿನ ಮೇಲೂ ಇರಲಿಲ್ಲ. ಒಂದು ಸಣ್ಣ ವಾಕ್ಯ ಹೇಳಿದರೆ ತನ್ನ ಎತ್ತರ ಒಂದು ಬೆರಳಿನಷ್ಟು ಕಡಿಮೆಯಾಗುತ್ತದೆ ಎಂದು ಅವರಿಗೆ ಅನಿಸಿತು, ಹೇಳಲಿಲ್ಲ. ಅಷ್ಟೇ. ಊರಿಗೆ ಉಪಕಾರ ಮಾಡಿದರು ಎಂಬ ಸಭೆಯ ಮಾತು ಕೇಳುವಾಗ ನನಗೆ ಕಾಣುತ್ತಿದ್ದದ್ದು ಆ ಪ್ಲೇಟನ್ನು ಬೆಳಕಿಗೆ ಹಿಡಿದ ಕೈ.

ದಾರಿಯಲ್ಲಿ ಬರುವಾಗ ನನಗೆ ನಮ್ಮ ತವರಿನ ಒಂದು ಪದ್ಧತಿ ನೆನಪಾಯಿತು. ಕೊಟ್ಟ ಹೆಣ್ಣಿನ ಬಗ್ಗೆ ಭೂತದ ನುಡಿಯಾದರೆ ಗಂಡನ ಮನೆಯವರು ಮಾತ್ರ ಕೇಳಿ ಮುಗಿಸುವಂತಿಲ್ಲ. ತವರಿನವರೂ ಅದೇ ಜಾಗದಲ್ಲಿ ನಿಂತು ಇನ್ನೊಮ್ಮೆ ಕೇಳಿಸಬೇಕು. ಅಜ್ಜ ಹಾಗೆ ಎರಡು ಸಲ ದೂರದ ಮನೆಗಳಿಗೆ ಹೋದದ್ದು ನೆನಪಿತ್ತು. ಮನೆಗೆ ಬಂದು ಅತ್ತೆಯ ಎದುರು ಕೂತೆ.

"ಅತ್ತೆ, ಒಂದು ಮನೆಯವರು ಕೇಳಿದ ನುಡಿ ಸಾಕಾಗ್ತದಾ?"

ಅತ್ತೆಯ ಕೈ ನಿಂತಿತು.

"ನೀನು ಕೇಳುದು ನ್ಯಾಯ. ಆದರೆ ನಿಮ್ಮ ಕಡೆಯಿಂದ ಯಾರಿದ್ದಾರೆ? ಅಪ್ಪ ಇಲ್ಲ. ಅಮ್ಮ ಏಳುದಿಲ್ಲ."

"ನಾನಿದ್ದೇನೆ. ಅದೇ ಚಾಪೆಯ ಮೇಲೆ ನಾನು ಮಲಗ್ತೇನೆ. ನೀವು ಕೇಳಿ."

"ನೀನಾ?" ಅವರಿಗೆ ಅಷ್ಟು ದುಃಖದಲ್ಲೂ ನಗು ಬಂತು. "ಭೂತದ ಎದುರು ಕೈ ಮುಗಿಯುವಾಗಲೂ ಕನ್ನಡಕ ಸರಿ ಮಾಡುವವಳು ನೀನು. ನಿನಗೆ ಎಂತ ಕಾಣ್ತದೆ?"

"ಕಂಡದ್ದು ಹೇಳ್ತೇನೆ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಸುಳ್ಳು ಹೇಳುವವಳಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯ ಮಾತುಕತೆಯ ಸಮಯದಲ್ಲೂ, ಅಕ್ಕನಿಗೆ ಮಳೆಗಾಲದಲ್ಲಿ ಕೆಮ್ಮು ಬರುತ್ತದೆ ಎಂದು ಯಾರೂ ಕೇಳದೆ ಹೇಳಿ ಅಮ್ಮನಿಂದ ಬೈಸಿಕೊಂಡವಳು ನಾನು.

"ಮಿಂದು, ಏನೂ ತಿನ್ನದೆ ಬರ್ಬೇಕು" ಎಂದರು ಅತ್ತೆ. "ಎರಡು ಮನೆಗೂ ಒಂದೇ ನುಡಿ ಆದರೆ ನೀನು ಮತ್ತೆ ಬಾಯಿ ತೆರೆಯಬಾರದು. ಬೇರೆ ಆದರೆ ಮಗು ಸುಬ್ರಹ್ಮಣ್ಯಕ್ಕೆ ಹೋಗುದಿಲ್ಲ. ಇದು ನನ್ನ ಮಾತು."

ಮಾಸ್ತರರು ಇದನ್ನು ಊರೆಲ್ಲ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಹೇಳಿದರು ಕೂಡ. ಮೈಸೂರಿನಲ್ಲಿ ಪದವಿ ಪಡೆದ ಟೀಚರೇ ತನ್ನ ಚಾಪೆಯ ಮೇಲೆ ಮಲಗಿದ್ದು, ಅವರಿಗೆ ಏನು ಕಂಡಿತು ಎಂಬುದು, ಎಲ್ಲವನ್ನೂ ಸಾಯುವವರೆಗೂ ಹೇಳುತ್ತಿದ್ದರು. ನನ್ನ ತರಗತಿಯ ಹುಡುಗಿಯರಿಗೂ ಆ ಕಥೆ ಗೊತ್ತು. ನಾನು ಅದನ್ನು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಅದು ಅತ್ತೆಯ ಕಿವಿಗೂ ಬೀಳುತ್ತಿತ್ತು. ಈಗ ಅತ್ತೆಯೂ ಇಲ್ಲ.

ಮರುದಿನ ಬೆಳಗ್ಗೆ ಬಾವಿಕಟ್ಟೆಯಲ್ಲಿ ತಣ್ಣೀರು ಮಿಂದೆ. ಕಾಫಿ ಕುಡಿಯಲಿಲ್ಲ. ಒದ್ದೆ ಕೂದಲನ್ನು ಗಂಟು ಹಾಕಿ, ಅಕ್ಕ, ಅತ್ತೆ, ಮಗುವಿನ ಜೊತೆ ನಡೆದೆ. ಭಾನುವಾರವಾದ್ದರಿಂದ ಚಾವಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಕೊನೆಗೂ!" ಎಂದರು ಮಾಸ್ತರರು, ಸಂತೋಷದಿಂದ. ನಾನು ಕನ್ನಡಕ ತೆಗೆದು ಅಕ್ಕನ ಕೈಗೆ ಕೊಟ್ಟೆ. ನಿನ್ನೆಯ ಪ್ಲೇಟನ್ನೇ ಹಾಕಬೇಕು ಎಂದೆ. ಚಾಪೆಗೆ ಬೇರೆಯವರ ತಲೆಯೆಣ್ಣೆಯ ವಾಸನೆ ಇತ್ತು. ಕಣ್ಣು ಮುಚ್ಚಿದೆ. ಕೊಳಲು ಶುರುವಾಯಿತು. ತಲೆಯ ಹತ್ತಿರ ಆ ಧ್ವನಿ ಗುಡ್ಡಗಳನ್ನು ಒಂದೊಂದಾಗಿ ಎಬ್ಬಿಸಿತು, ಸೂರ್ಯನನ್ನು ಹುಟ್ಟಿಸಿತು, ಹಂಸವನ್ನು ನೀರಿಗೆ ಬಿಟ್ಟಿತು.

"ಎಂತ ಕಾಣ್ತದೆ?"

ಅಕ್ಕ ಸುಮ್ಮನಿದ್ದಷ್ಟೇ ಹೊತ್ತು ನಾನೂ ಸುಮ್ಮನಿದ್ದೆ. ಆಮೇಲೆ, "ಹೊಳೆ" ಎಂದೆ.

ಬೆಂಚು ಕಿರ್ರೆಂದಿತು. ಅತ್ತೆ ಎದ್ದು ನಿಂತದ್ದು ಕೇಳಿಸಿತು. ಮಾಸ್ತರರ ಮುಂದಿನ ಪ್ರಶ್ನೆಗೆ ಅವರು ಕಾಯಲಿಲ್ಲ.

"ಮಗು ಯಾವ ದಡದಲ್ಲಿ ಉಂಟು? ಎರಡು ಮನೆಗೂ ತಿಳಿಯುವ ಹಾಗೆ ಅಪ್ಪಣೆ ಆಗ್ಬೇಕು."

ನನಗೆ ಕಾಣುತ್ತಿದ್ದದ್ದು ರೆಪ್ಪೆಯೊಳಗಿನ ಕೆಂಪು ಮಾತ್ರ.

"ನೀರು ಇಳಿದಿದೆ" ಎಂದೆ. "ಮಗು ಈಚೆ ಉಂಟು. ತಾಯಿಯ ಸೊಂಟದ ಮೇಲೆ."